ಮೂರನೆಯ ಸಾಲಿನ ಏಳನೆಯ ಮರ

ಮಾಯಸಂದ್ರದ ಸಮೀಪದಲ್ಲಿರುವ ನಮ್ಮ ಮನೆತನದ ಹಳೆಯ ತೋಟದಲ್ಲಿ ತೆಂಗಿನ ಗುಣಿಗಳು 144. ಅಡ್ಡಕ್ಕೆ 12, ಉದ್ದಕ್ಕೆ 12. ಮರದಿಂದ ಮರಕ್ಕೆ 30 ಅಡಿ. ಎಲ್ಲವೂ ಹಗ್ಗ ಹಿಡಿದು ನೆಟ್ಟ ಸಾಲುಗಳು. ಈ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 48 ಮರಗಳು ಹಿಡಿಯುತ್ತವೆ. ಆ ಲೆಕ್ಕದಲ್ಲಿ ನಮ್ಮದು ಮೂರು ಎಕರೆಗೆ ತುಸುವೇ ಕಡಮೆ. ಇಷ್ಟರ ಮಟ್ಟಿಗೆ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯ ಹುಟ್ಟಿದ್ದು ಮರಗಳ ಸಂಖ್ಯೆಯಲ್ಲಲ್ಲ, ಅವನ್ನು ಎಣಿಸುವ ದಿಕ್ಕಿನಲ್ಲಿ.

ನಾನು ಬಾಲಕನಾಗಿದ್ದಾಗ ನಮ್ಮ ತಂದೆಯವರೂ ಚಿಕ್ಕಪ್ಪನವರೂ ಪಾಲಾದರು. ಮನೆ ಮತ್ತು ಹೊಲ ನಮಗೆ ಬಂದವು. ತೋಟ ಚಿಕ್ಕಪ್ಪನವರಿಗೆ ಹೋಯಿತು. ಅಜ್ಜಿ ನಮ್ಮೊಡನೆಯೇ ಉಳಿದರು. ತೋಟದ ಐದು ಮರಗಳ ಫಲ ಅವರ ಜೀವನಾಂಶಕ್ಕೆ ಸಲ್ಲತಕ್ಕದ್ದೆಂದು ವಿಭಾಗಪತ್ರದಲ್ಲಿ ಬರೆಯಲಾಯಿತು. ಎರಡನೆಯ ಸಾಲಿನ ಹತ್ತನೆಯ ಮರ, ಮೂರನೆಯ ಸಾಲಿನ ಏಳನೆಯ ಮರ, ಐದನೆಯ ಸಾಲಿನ ಒಂಬತ್ತನೆಯ ಮರ, ಆರನೆಯ ಸಾಲಿನ ಆರನೆಯ ಮರ, ಎಂಟನೆಯ ಸಾಲಿನ ನಾಲ್ಕನೆಯ ಮರ. ತಂದೆಯವರು ಇವನ್ನು ಸುಮ್ಮನೆ ಆರಿಸಿರಲಿಲ್ಲ. ಗೊನೆ ತೂಗಿ ಕಾಯಿ ಬಿಡುವ ಮರಗಳು ಇಡೀ ತೋಟದಲ್ಲಿ ಈ ಐದೇ ಎಂದು ಅವರಿಗೆ ಗೊತ್ತಿದ್ದಿತು.

ತೋಟದ ಬಾವಿ ಈಶಾನ್ಯ ಮೂಲೆಯಲ್ಲಿದೆ. ಎಣಿಕೆ ಅಲ್ಲಿಂದಲೇ ಮೊದಲಾಗಬೇಕೆಂಬುದು ಇಬ್ಬರಿಗೂ ಸಮ್ಮತವೇ. ಆದರೆ ತಂದೆಯವರ ಮನಸ್ಸಿನಲ್ಲಿ ‘ಸಾಲು’ ಎಂದರೆ ಬಾವಿಯಿಂದ ಪಶ್ಚಿಮಕ್ಕೆ ಹೋಗುವುದು. ಚಿಕ್ಕಪ್ಪನವರ ಮನಸ್ಸಿನಲ್ಲಿ ‘ಸಾಲು’ ಎಂದರೆ ಬಾವಿಯಿಂದ ದಕ್ಷಿಣಕ್ಕೆ, ಕಾಲುವೆಯಲ್ಲಿ ನೀರು ಹರಿಯುವ ಜಾಡಿನಲ್ಲಿ ಹೋಗುವುದು. ಇದರ ಫಲವಾಗಿ ಮೂರನೆಯ ಸಾಲಿನ ಏಳನೆಯ ಮರವು ಏಳನೆಯ ಸಾಲಿನ ಮೂರನೆಯ ಮರವಾಯಿತು. ಆರು ವರ್ಷಗಳ ಕಾಲ ಅಜ್ಜಿಗೆ ಬರುತ್ತಿದ್ದುದು ಬೇರೆ ಮರಗಳ ಕಾಯಿ. ಅವುಗಳಲ್ಲಿ ಎರಡು, ಸತ್ತ ಮರಗಳ ಗುಣಿಯಲ್ಲಿ ಹೊಸದಾಗಿ ಇಟ್ಟ ಸಸಿಗಳು. ಇನ್ನೂ ಹೊಂಬಾಳೆಯನ್ನೇ ಕಾಣದವು. ಚಿಕ್ಕಪ್ಪನವರು ಮೋಸಗಾರರಲ್ಲ. ಕಾಗದದಲ್ಲಿ ಬರೆದಂತೆಯೇ ಅವರು ನಡೆದುಕೊಂಡರು.

ಹಾಗಾದರೆ ಆರು ವರ್ಷ ಯಾರೂ ಕಂಡುಕೊಳ್ಳಲಿಲ್ಲವೆ ಎಂದು ವಾಚಕರು ಕೇಳಬಹುದು. ಕಾರಣ ಆ ಆರನೆಯ ಸಾಲಿನ ಆರನೆಯ ಮರ. ಅದು ತಾತನವರು ಕೈಯಾರೆ ನೆಟ್ಟದ್ದು. ಅಜ್ಜಿಗೆ ಅದರ ಕಾಯಿಯ ಗುರುತು ಇದ್ದಿತು. ಕಾಯಿ ಕೆಡವಿದಾಗಲೆಲ್ಲ ಅವರು “ನಡುವಿನ ಮರದ್ದು ಬಂತೇನಪ್ಪ?” ಎಂದು ಕೇಳುವರು. ಅದು ಬಂದೇ ಇರುತ್ತಿತ್ತು. ಪಶ್ಚಿಮಕ್ಕೆ ಎಣಿಸಿದರೂ ದಕ್ಷಿಣಕ್ಕೆ ಎಣಿಸಿದರೂ ಆರನೆಯದರ ಆರನೆಯದು ಒಂದೇ ಮರವಲ್ಲವೆ? ಆ ಒಂದು ಸರಿಯಾಗಿದ್ದುದರಿಂದ ಮಿಕ್ಕ ನಾಲ್ಕೂ ಸರಿಯಾಗಿವೆಯೆಂದು ಮನೆಮಂದಿಯೆಲ್ಲ ನಂಬಿದೆವು. ಕಡೆಗೆ ಒಂದು ಬೇಸಗೆಯಲ್ಲಿ, ಕಡಿಯಬೇಕಾದ ಮರವೊಂದನ್ನು ಗುರುತಿಸಲು ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ತೋಟದಲ್ಲಿ ನಡೆದರು. ಬಾವಿಯ ಬಳಿ ಒಬ್ಬರು ಎಡಕ್ಕೂ ಒಬ್ಬರು ಬಲಕ್ಕೂ ತಿರುಗಿದರು. ಗುಟ್ಟು ಹೊರಬಿದ್ದಿತು.

ಸಂಜೆ ಅಜ್ಜಿಗೆ ವಿಷಯ ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: “ಮರ ಸುಳ್ಳು ಹೇಳಲಿಲ್ಲ, ಕಾಗದವೂ ಸುಳ್ಳು ಹೇಳಲಿಲ್ಲ. ಸಾಲು ಅಂದ್ರೆ ಯಾವುದು ಅಂತ ಬರೀಬೇಕಾಗಿತ್ತು.”

ಎಷ್ಟೋ ವರ್ಷಗಳ ಹಿಂದಿನ ಈ ಮಾತು ನೆನಪಿಗೆ ಬಂದುದು ನನ್ನ ತಮ್ಮನ ಮಗನಿಂದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಈಚೆಗೆ ಊರಿಗೆ ಬಂದವನು, ತೋಟದ ಇಳುವರಿಯನ್ನು ಬರೆದಿಟ್ಟ ಹತ್ತು ವರ್ಷಗಳ ಪುಸ್ತಕಗಳನ್ನು ಯಂತ್ರಕ್ಕೆ ತುಂಬಿಸಿ ಕುಳಿತಿದ್ದ. ವರ್ಷಕ್ಕೊಂದು ಹಾಳೆ, ಹಾಳೆಯಲ್ಲಿ 12 ಸಾಲು, ಸಾಲಿಗೆ 12 ಮನೆ, ಮನೆಗೊಂದು ಮರದ ಕಾಯಿಯ ಲೆಕ್ಕ. ಪುಸ್ತಕದಲ್ಲಿ ಸಾಲುಗಳಿದ್ದುದು ಚಿಕ್ಕಪ್ಪನವರ ಕ್ರಮದಲ್ಲಿ. ಅವನ್ನು ತಂದೆಯವರ ಕ್ರಮಕ್ಕೆ ತರಬೇಕೆಂದು, ಅಡ್ಡಸಾಲನ್ನು ಕಂಬಸಾಲಾಗಿಯೂ ಕಂಬಸಾಲನ್ನು ಅಡ್ಡಸಾಲಾಗಿಯೂ ಮಾಡುವ ಆಜ್ಞೆಯನ್ನು ಕೊಟ್ಟ. ಇಂಗ್ಲಿಷಿನಲ್ಲಿ ಇದನ್ನು ಟ್ರಾನ್ಸ್‌ಪೋಸ್ ಎನ್ನುತ್ತಾರೆ, ನಾವು ಪಲ್ಲಟವೆನ್ನೋಣ.

“ದೊಡ್ಡಪ್ಪ, ಸಾಲು ತಿರುಗಿಸು ಅಂದ್ರೆ ವರ್ಷಗಳನ್ನೂ ತಿರುಗಿಸಿಬಿಟ್ಟಿದೆ ನೋಡಿ” ಎಂದು ಅವನು ನಕ್ಕ. ಹತ್ತು ಹಾಳೆ, ಹನ್ನೆರಡು ಸಾಲು, ಹನ್ನೆರಡು ಮನೆ ಇದ್ದುದು ಹನ್ನೆರಡು ಹಾಳೆ, ಹನ್ನೆರಡು ಸಾಲು, ಹತ್ತು ಮನೆಯಾಗಿ ನಿಂತಿದ್ದಿತು. ಹತ್ತು ಎಂಬ ಸಂಖ್ಯೆ ಇರಬಾರದ ಕಡೆ ಕಂಡುದರಿಂದ ಅವನಿಗೆ ತಪ್ಪು ಹೊಳೆಯಿತು. ಇನ್ನೆರಡು ವರ್ಷಗಳ ಪುಸ್ತಕಗಳು ಸಿಕ್ಕಿ ಅವೂ ಹನ್ನೆರಡೇ ಆಗಿದ್ದಿದ್ದರೆ? ಆಗ ಎಲ್ಲೆಲ್ಲೂ ಹನ್ನೆರಡೇ ಕಾಣುತ್ತಿದ್ದಿತು. ಅಜ್ಜಿಯ ಆರು ವರ್ಷಗಳಂತೆ ಇದೂ ಸದ್ದಿಲ್ಲದೆ ಕಳೆದುಹೋಗುತ್ತಿದ್ದಿತು.

ಯಂತ್ರ ಹೀಗೇಕೆ ಮಾಡಿತು? ತಪ್ಪು ಯಂತ್ರದ್ದೆ? ಅವನ ಉತ್ತರ ನನಗೆ ಬಹಳ ಸ್ವಾರಸ್ಯವಾಗಿ ಕಂಡಿತು. ಯಂತ್ರದ್ದೂ ಅಲ್ಲ, ಅವನದೂ ಅಲ್ಲ. ‘ಪಲ್ಲಟ’ ಎಂಬ ಒಂದೇ ಮಾತಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಲೆಕ್ಕದ ಸಲಕರಣೆಗಳನ್ನು ಸಿದ್ಧಪಡಿಸಿ ಕೊಡುವವರು, ಅಂದರೆ ‘ಲೈಬ್ರರಿ’ಗಳನ್ನು ರಚಿಸುವವರು, ಅವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಹಲವು ವರ್ಷಗಳಿಂದ ತಮ್ಮಲ್ಲೇ ವಾದಿಸುತ್ತ ಬಂದಿದ್ದಾರೆ.

ಸಂಖ್ಯೆಗಳನ್ನು ಸಾಲುಸಾಲಾಗಿ ನಿಲ್ಲಿಸಿದ ಚೌಕಕ್ಕೆ ಗಣಿತದಲ್ಲಿ ಮಾತೃಕೆಯೆಂದು ಹೆಸರು. 1850ರಲ್ಲಿ ಸಿಲ್ವೆಸ್ಟರನು ಅದಕ್ಕೆ ಇಂಗ್ಲಿಷಿನಲ್ಲಿ ಮ್ಯಾಟ್ರಿಕ್ಸ್ ಎಂದು ನಾಮಕರಣ ಮಾಡಿದ. 1858ರಲ್ಲಿ ಕೇಲಿಯು ಅದರ ಮೇಲೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಪಲ್ಲಟವೂ ಬರುತ್ತದೆ. ಕಾಗದದ ಮೇಲೆ ಅದರಲ್ಲಿ ತೊಡಕೇನೂ ಇಲ್ಲ. ತೊಡಕು ಬಂದದ್ದು ಯಂತ್ರ ಬಂದ ಮೇಲೆ. ಏಕೆಂದರೆ ಯಂತ್ರದ ಸ್ಮೃತಿಯಲ್ಲಿ ಚೌಕವೆಂಬುದೇ ಇಲ್ಲ. ಅಲ್ಲಿರುವುದು ಉದ್ದಕ್ಕೆ ಹೋಗುವ ಒಂದೇ ಬದು. ನಮ್ಮ 144 ಮರಗಳೂ ಆ ಬದುವಿನ ಮೇಲೆ ಒಂದರ ಹಿಂದೊಂದು ನಿಲ್ಲಬೇಕು.

ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಬಹುದು. ಮೊದಲ ಸಾಲಿನ 12, ಆಮೇಲೆ ಎರಡನೆಯ ಸಾಲಿನ 12, ಹೀಗೆ ಬದುವಿನ ಮೇಲೆ ನಿಲ್ಲಿಸುತ್ತ ಹೋದರೆ ಮೂರನೆಯ ಸಾಲಿನ ಏಳನೆಯ ಮರ 31ನೆಯದಾಗುತ್ತದೆ. ಸಾಲಿನಲ್ಲಿ ಮುಂದಿನ ಮರಕ್ಕೆ ಹೋಗಲು 1 ಹೆಜ್ಜೆ. ಮುಂದಿನ ಸಾಲಿಗೆ ಹೋಗಲು 12 ಹೆಜ್ಜೆ. ಈ 1 ಮತ್ತು 12 ಎಂಬ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದರೆ ಸಾಕು. ಆಗ ‘ಮೂರನೆಯ ಸಾಲಿನ ಏಳನೆಯದು’ ಎಂದು ಕೇಳಿದರೆ ಬದುವಿನ 75ನೆಯ ಮರ ಸಿಕ್ಕುತ್ತದೆ. ಅದು ಮೊದಲಿನ ಎಣಿಕೆಯ ಏಳನೆಯ ಸಾಲಿನ ಮೂರನೆಯದೇ. ಒಂದು ಮರವನ್ನೂ ಕಿತ್ತು ನೆಡಲಿಲ್ಲ. ನಡೆಯುವ ಕ್ರಮ ಮಾತ್ರ ಬದಲಾಯಿತು. ಪಲ್ಲಟದ ಹೃದಯವೇ ಇದು.

ಬದುವಿನ ಮೇಲೆ ಮೊದಲು ಯಾವುದನ್ನು ನಿಲ್ಲಿಸಬೇಕೆಂಬುದರಲ್ಲಿಯೇ ಎರಡು ಸಂಪ್ರದಾಯಗಳು ಬೆಳೆದವು. ಐಬಿಎಂ ಸಂಸ್ಥೆಯಿಂದ 1957ರಲ್ಲಿ ಹೊರಬಂದ ಫೋರ್ಟ್ರಾನ್ ಭಾಷೆ ಕಂಬಸಾಲುಗಳನ್ನು ಮೊದಲು ನಿಲ್ಲಿಸಿತು. 1970ರ ದಶಕದ ಮೊದಲಲ್ಲಿ ಬಂದ ಸಿ ಭಾಷೆ ಅಡ್ಡಸಾಲುಗಳನ್ನು ಮೊದಲು ನಿಲ್ಲಿಸಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎಚ್ಚರವಿಲ್ಲದೆ ಓದಿದರೆ ಇಡೀ ಚೌಕ ಪಲ್ಲಟವಾಗಿ ಕಾಣುತ್ತದೆ. ನಮ್ಮ ತಂದೆಯವರದೂ ಚಿಕ್ಕಪ್ಪನವರದೂ ಸಣ್ಣ ಊರಿನ ಸಣ್ಣ ವ್ಯಾಜ್ಯವೆಂದು ನಾನು ತಿಳಿದಿದ್ದೆ; ಭೂಮಂಡಲದ ಯಂತ್ರಗಳೆಲ್ಲ ಇದೇ ವ್ಯಾಜ್ಯದಲ್ಲಿ ಪಾಲುಗೊಂಡಿವೆಯೆಂದು ಈಗ ತಿಳಿಯಿತು.

ಲೈಬ್ರರಿಯನ್ನು ರಚಿಸುವವನು ಇತ್ಯರ್ಥ ಮಾಡಬೇಕಾದ ಮೊದಲ ಪ್ರಶ್ನೆ: ಪಲ್ಲಟ ಮಾಡೆಂದರೆ ಹೊಸ ಪ್ರತಿಯನ್ನು ಬರೆದುಕೊಡಬೇಕೆ, ಇದ್ದುದನ್ನೇ ಬೇರೆ ಕ್ರಮದಲ್ಲಿ ತೋರಿಸಿದರೆ ಸಾಕೆ? ಪೈಥಾನ್ ಭಾಷೆಯಲ್ಲಿ ಇಂದು ಎಲ್ಲೆಡೆ ಬಳಕೆಯಲ್ಲಿರುವ ನಂಪೈ ಎಂಬ ಲೈಬ್ರರಿ ಎರಡನೆಯದನ್ನು ಆರಿಸಿತು. ಅದರ ಪೂರ್ವಜ ಜಿಮ್ ಹುಗುನಿನ್ 1995ರಲ್ಲಿ ಬರೆದ ನ್ಯೂಮರಿಕ್. ಟ್ರಾವಿಸ್ ಓಲಿಫೆಂಟ್ ಅದಕ್ಕೆ ಹೊಸ ರೂಪ ಕೊಟ್ಟು 2006ರಲ್ಲಿ ನಂಪೈಯ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದ. ತೋರಿಸುವುದರಲ್ಲಿ ಇರುವ ಲಾಭ ಸ್ಪಷ್ಟ. ಅಡ್ಡಕ್ಕೆ ಹತ್ತು ಸಾವಿರ, ಉದ್ದಕ್ಕೆ ಹತ್ತು ಸಾವಿರ ಚುಕ್ಕೆಗಳ ಚಿತ್ರವೊಂದರಲ್ಲಿ ಹತ್ತು ಕೋಟಿ ಸಂಖ್ಯೆಗಳು. ಒಂದೊಂದಕ್ಕೆ 8 ಬೈಟ್ ಎಂದರೆ 80 ಕೋಟಿ ಬೈಟ್. ಇಷ್ಟನ್ನು ಮತ್ತೆ ಬರೆಯುವುದಕ್ಕಿಂತ ಎರಡು ಹೆಜ್ಜೆಯ ಅಳತೆಗಳನ್ನು ಬದಲಿಸುವುದು ಎಷ್ಟೋ ಹಗುರ.

ಆದರೆ ಹಗುರವಾದುದಕ್ಕೂ ಬೆಲೆಯುಂಟು. ಎರಡು ಹೆಸರಿನ ತೋಟ ನಿಜವಾಗಿ ಒಂದೇ ತೋಟ. ಚಿಕ್ಕಪ್ಪನವರ ಎಣಿಕೆಯಲ್ಲಿ ಒಂದು ಮರವನ್ನು ಕಡಿದರೆ ತಂದೆಯವರ ಎಣಿಕೆಯಲ್ಲಿ ಅದು ನಿಂತಿರುವುದುಂಟೆ? ತನ್ನ ಕೈಯಲ್ಲಿರುವುದು ಬೇರೆ ಪ್ರತಿಯೆಂದು ನಂಬಿ ಒಂದು ಸಂಖ್ಯೆಯನ್ನು ತಿದ್ದಿದವನು, ಮೂಲದಲ್ಲಿಯೂ ಅದು ತಿದ್ದಿಹೋಗಿರುವುದನ್ನು ಕಂಡು ಬೆಚ್ಚುತ್ತಾನೆ. ಇನ್ನೊಂದು ಬೆಲೆ ಶ್ರಮದ್ದು. ಯಂತ್ರ ಸ್ಮೃತಿಯಿಂದ ಒಂದೊಂದೇ ಸಂಖ್ಯೆಯನ್ನು ತರುವುದಿಲ್ಲ. ಅಕ್ಕಪಕ್ಕದವನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಬರುತ್ತದೆ. ಬದುವಿನ ಕ್ರಮದಲ್ಲಿಯೇ ನಡೆದರೆ ಬುಟ್ಟಿಯ ಕಾಯಿಯೆಲ್ಲ ಉಪಯೋಗಕ್ಕೆ ಬರುತ್ತದೆ. ಹತ್ತು ಸಾವಿರಕ್ಕೊಂದು ಹೆಜ್ಜೆ ಹಾಕುತ್ತ ನಡೆದರೆ, ತುಂಬಿದ ಬುಟ್ಟಿಯಿಂದ ಒಂದು ಕಾಯನ್ನು ತೆಗೆದುಕೊಂಡು ಮಿಕ್ಕುದನ್ನು ಚೆಲ್ಲಿ ಮತ್ತೆ ಓಡಿದಂತಾಗುತ್ತದೆ. ಆದಕಾರಣ ಕೆಲವು ಸಂದರ್ಭಗಳಲ್ಲಿ ಪ್ರತಿ ಮಾಡಿಕೊಳ್ಳುವುದೇ ಲೇಸು.

ಎರಡನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಚೌಕವಿಲ್ಲದೆ, ಬದುವಿನ ಮೇಲೆ ಒಂಟಿ ಸಾಲಾಗಿ ಐದೇ ಮರಗಳು ನಿಂತಿದ್ದರೆ, ಅದನ್ನು ಪಲ್ಲಟ ಮಾಡೆಂದರೆ ಏನು ಮಾಡಬೇಕು? ಇದು ಕೆಲಸವಿಲ್ಲದವರ ತರ್ಕವಲ್ಲ. ಐದು ಮರಗಳ ಕಾಯಿಗಳ ಸಂಖ್ಯೆಯನ್ನು ಅಡ್ಡಸಾಲಾಗಿಯೂ ಆಯಾ ಕಾಯಿಯ ಬೆಲೆಯನ್ನು ಕಂಬಸಾಲಾಗಿಯೂ ಬರೆದು ಗುಣಿಸಿದರೆ ಬರುವುದು ಒಂದೇ ಮೊತ್ತ, ಕೈಗೆ ಬರಬೇಕಾದ ಹಣ. ಅವನ್ನೇ ಮೊದಲು ಕಂಬಸಾಲು, ಆಮೇಲೆ ಅಡ್ಡಸಾಲಾಗಿ ಇಟ್ಟು ಗುಣಿಸಿದರೆ ಬರುವುದು 25 ಮನೆಗಳ ಮಗ್ಗಿ. ನಿಂತಿರುವುದು ಮಲಗಿದೆಯೋ ಮಲಗಿರುವುದು ನಿಂತಿದೆಯೋ ಎಂಬುದರ ಮೇಲೆ ಉತ್ತರದ ಸ್ವರೂಪವೇ ಬೇರೆಯಾಗುತ್ತದೆ.

ಇಲ್ಲಿ ಒಂದೊಂದು ಮನೆತನದ್ದು ಒಂದೊಂದು ರೂಢಿ. ಮ್ಯಾಟ್‌ಲ್ಯಾಬ್ ಎಂಬ ವ್ಯವಸ್ಥೆಯಲ್ಲಿ ಒಂಟಿ ಸಾಲೆಂಬುದೇ ಇಲ್ಲ. ಇದ್ದರೆ ಅಡ್ಡಸಾಲು, ಇಲ್ಲವೆ ಕಂಬಸಾಲು. ನಂಪೈಯಲ್ಲಿ ಒಂಟಿ ಸಾಲು ಉಂಟು. ಪಲ್ಲಟ ಮಾಡೆಂದರೆ ಅದು ಏನೂ ಮಾಡದೆ ಇದ್ದುದನ್ನು ಇದ್ದಂತೆಯೇ ಹಿಂದಿರುಗಿಸುತ್ತದೆ. ತರ್ಕಕ್ಕೆ ಅದು ಸರಿಯೇ. ಅದಲುಬದಲು ಮಾಡಲು ಎರಡು ದಿಕ್ಕುಗಳಾದರೂ ಇರಬೇಕಷ್ಟೆ. ಆದರೆ ಮಗ್ಗಿಯನ್ನು ನಿರೀಕ್ಷಿಸಿದ ಹೊಸಬನಿಗೆ ಒಂದು ಮೊತ್ತ ಬಂದು ನಿಲ್ಲುತ್ತದೆ. ತಪ್ಪಾಯಿತೆಂದು ಯಾರೂ ಹೇಳುವುದಿಲ್ಲ. ಜೂಲಿಯಾ ಭಾಷೆಯವರು ಈ ಒಂದು ಪ್ರಶ್ನೆಯನ್ನು 2013ರಲ್ಲಿ ಎತ್ತಿಕೊಂಡು 2017ರ ತನಕ ಚರ್ಚಿಸಿದರು. ಅವರ ಮೊದಲಿನ ವ್ಯವಸ್ಥೆಯಲ್ಲಿ ಒಂಟಿ ಸಾಲನ್ನು ಎರಡು ಬಾರಿ ಪಲ್ಲಟ ಮಾಡಿದರೆ ಒಂಟಿ ಸಾಲು ಹಿಂದಕ್ಕೆ ಬರುತ್ತಿರಲಿಲ್ಲ, ಒಂದೇ ಕಂಬದ ಮಾತೃಕೆಯೊಂದು ಬರುತ್ತಿದ್ದಿತು. ಹೋದ ದಾರಿಯಲ್ಲೇ ಹಿಂದಿರುಗಿದರೆ ಮನೆ ಸಿಕ್ಕಬೇಕಲ್ಲವೆ? ಕಡೆಗೆ ಪಲ್ಲಟಗೊಂಡ ಒಂಟಿ ಸಾಲಿಗೆ ಒಂದು ಪ್ರತ್ಯೇಕ ಸ್ಥಾನ ಕೊಟ್ಟು, ಇನ್ನೊಮ್ಮೆ ತಿರುಗಿಸಿದರೆ ಮೊದಲಿನದೇ ದೊರೆಯುವಂತೆ ಮಾಡಿದರು. ಸಣ್ಣ ಮಾತೊಂದಕ್ಕೆ ನಾಲ್ಕು ವರ್ಷ ಚರ್ಚಿಸಿದವರನ್ನು ಕಂಡು ನಗುವವರು ನಗಲಿ. ನಮ್ಮ ಮನೆಯಲ್ಲಿ ಒಂದು ಸಂಜೆ ಚರ್ಚಿಸಿದ್ದರೆ ಆರು ವರ್ಷದ ಕಾಯಿ ಉಳಿಯುತ್ತಿದ್ದಿತು.

ಮೂರನೆಯ ಪ್ರಶ್ನೆ ನನ್ನ ತಮ್ಮನ ಮಗನದು: ಹಾಳೆಗಳ ಕಂತೆಯನ್ನು ಪಲ್ಲಟ ಮಾಡುವುದೆಂದರೇನು? ಎಲ್ಲ ದಿಕ್ಕುಗಳನ್ನೂ ಹಿಂದುಮುಂದು ಮಾಡುವುದು ಒಂದು ಅರ್ಥ. ಸೂತ್ರಕ್ಕೆ ಅದು ಅಂದವಾದದ್ದು. ನಂಪೈ ಮೊದಲಿನಿಂದಲೂ ಈ ಅರ್ಥವನ್ನೇ ಹಿಡಿದಿದೆ. ಹಾಳೆಗಳ ಕ್ರಮವನ್ನು ಮುಟ್ಟದೆ, ಒಂದೊಂದು ಹಾಳೆಯ ಒಳಗೆ ಮಾತ್ರ ಸಾಲುಗಳನ್ನು ಪಲ್ಲಟಿಸುವುದು ಇನ್ನೊಂದು ಅರ್ಥ. ಕೆಲಸ ಮಾಡುವವನಿಗೆ ಬಹುಪಾಲು ಬೇಕಾದದ್ದು ಇದು. ಪೈಥಾನಿನ ಹಲವು ಲೈಬ್ರರಿಗಳಿಗೆ ಒಂದೇ ನಡವಳಿಕೆ ಇರಲೆಂದು 2020ರಲ್ಲಿ ಕೂಡಿದ ಒಕ್ಕೂಟವೊಂದು ಮರುವರ್ಷ ಪ್ರಕಟಿಸಿದ ನಿಯಮಾವಳಿಯಲ್ಲಿ ಈ ಎರಡನ್ನೂ ಬೇರ್ಪಡಿಸಿತು. ‘ಟಿ’ ಎಂಬ ಒಂದಕ್ಷರದ ಆಜ್ಞೆ ಅಡ್ಡ ಉದ್ದಗಳೆರಡೇ ಇರುವ ಚೌಕಕ್ಕೆ ಮಾತ್ರ ಸಲ್ಲುವುದು. ಬೇರೆಯದಕ್ಕೆ ಹಚ್ಚಿದರೆ ತಪ್ಪೆಂದು ಹೇಳಿಬಿಡಬೇಕು. ಕಂತೆಗೆ ‘ಎಂಟಿ’ ಎಂಬ ಬೇರೆ ಹೆಸರು. ನಂಪೈ ಕೂಡ 2024ರ ಜೂನ್‌ನಲ್ಲಿ ತನ್ನ ಎರಡನೆಯ ಮಹಾ ಆವೃತ್ತಿಯಲ್ಲಿ ಈ ಹೊಸ ಹೆಸರನ್ನು ಸೇರಿಸಿತು. ಹಳೆಯದರ ಅರ್ಥವನ್ನು ಬದಲಿಸಲಿಲ್ಲ. ಅದನ್ನು ನಂಬಿ ಬರೆದ ಲೆಕ್ಕಗಳು ಲೋಕದಲ್ಲಿ ಎಷ್ಟೋ ಇವೆ. ಕೆಟ್ಟ ರೂಢಿಯಾದರೂ ಅದನ್ನು ನಂಬಿದವರನ್ನು ನಡುನೀರಿನಲ್ಲಿ ಕೈಬಿಡಬಾರದೆಂಬ ಧರ್ಮ ಇಲ್ಲಿಯೂ ಉಂಟು.

ಪಲ್ಲಟ ಮಾಡಿದರೂ ಬದಲಾಗದ ಚೌಕಗಳೂ ಇವೆ. ನಮ್ಮ ಮಗ್ಗಿಯೇ ಅಂಥದು. ಏಳು ಮೂರಲಿ, ಮೂರು ಏಳಲಿ ಎರಡೂ ಇಪ್ಪತ್ತೊಂದೇ. ಇದಕ್ಕಿಂತ ರಮ್ಯವಾದ ಉದಾಹರಣೆ ಕಾವ್ಯದಲ್ಲಿದೆ. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಸರ್ವತೋಭದ್ರವೆಂಬ ಚಿತ್ರಬಂಧವಿದೆ. ಪಾದಕ್ಕೆ ಎಂಟಕ್ಷರದಂತೆ ನಾಲ್ಕು ಪಾದಗಳನ್ನು ಬರೆದು, ಅವನ್ನೇ ಕೆಳಗೆ ಹಿಂದುಮುಂದಾದ ಕ್ರಮದಲ್ಲಿ ಬರೆದರೆ 64 ಮನೆಗಳ ಚೌಕವಾಗುತ್ತದೆ; ಅಡ್ಡಲಾಗಿ ಓದಿದರೂ ಮೇಲಿಂದ ಕೆಳಗೆ ಓದಿದರೂ ಅದೇ ಶ್ಲೋಕ. ಆ ಸರ್ಗ ಎಷ್ಟು ಕಠಿನವೆಂದರೆ, ನಮ್ಮ ಗಂಗವಂಶದ ದೊರೆ ದುರ್ವಿನೀತನು ಅದೊಂದಕ್ಕೇ ಟೀಕೆ ಬರೆದನೆಂದು ಕೋಲಾರದ ಕಡೆಯ ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಸಾಲನ್ನು ಯಾವ ಕಡೆಯಿಂದ ಓದಬೇಕೆಂಬುದು ಕನ್ನಡನಾಡಿನ ಅರಸನೊಬ್ಬ ತಲೆಕೆಡಿಸಿಕೊಂಡ ವಿಷಯವೆಂದ ಮೇಲೆ, ನಾವು ಅದನ್ನು ಯಂತ್ರದವರ ಗೊಡವೆಯೆಂದು ತಳ್ಳಿಹಾಕುವಂತಿಲ್ಲ. ಆದರೆ ತೋಟಗಳೆಲ್ಲ ಸರ್ವತೋಭದ್ರಗಳಲ್ಲ. ಎಲ್ಲ ಮರಗಳೂ ಒಂದೇ ಸಮ ಕಾಯಿ ಬಿಡುವಂತಿದ್ದರೆ ಅಜ್ಜಿಗೆ ನಷ್ಟವೇ ಆಗುತ್ತಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ಉಳಿದ ಮಾತು ಒಂದು. ನಮ್ಮ ತೋಟ ಒಂಬತ್ತು ಸಾಲಿನದಾಗಿ, ಸಾಲಿಗೆ ಹನ್ನೆರಡು ಮರಗಳಿದ್ದಿದ್ದರೆ ತಪ್ಪು ಮೊದಲ ದಿನವೇ ಬಯಲಾಗುತ್ತಿದ್ದಿತು. ಚಿಕ್ಕಪ್ಪನವರು ತಮ್ಮ ಎರಡನೆಯ ಸಾಲಿನಲ್ಲಿ ಹತ್ತನೆಯ ಮರವನ್ನು ಹುಡುಕಿಹೋಗಿ ಬೇಲಿಗೆ ಮುಟ್ಟಿ, “ಅಣ್ಣ, ಇಲ್ಲಿ ಹತ್ತನೆಯದೇ ಇಲ್ಲ” ಎಂದು ಹಿಂದಿರುಗುತ್ತಿದ್ದರು. ಇಲ್ಲವೆನ್ನುವ ಬೇಲಿ ನಮ್ಮ ಹಿತಶತ್ರುವಲ್ಲ, ಮಿತ್ರ. ಲೈಬ್ರರಿ ರಚಿಸುವವರು ಈ ಬೇಲಿಯನ್ನು ತಾವೇ ಕಟ್ಟಬೇಕಾಗುತ್ತದೆ. ಕೇಳಿದ ಮಾತಿಗೆ ಎರಡು ಅರ್ಥಗಳಿದ್ದಾಗ ಒಂದನ್ನು ಊಹಿಸಿ ನಗುಮುಖದಿಂದ ಉತ್ತರ ಕೊಡುವುದು ಸೌಜನ್ಯದಂತೆ ಕಾಣುತ್ತದೆ. ಅದರ ನಷ್ಟ ಬೀಳುವುದು ಮಾತ್ರ ಲೆಕ್ಕವನ್ನು ನೋಡಲಾರದ, ಬಂದುದನ್ನು ನಂಬಿ ಕುಳಿತ ಮುದುಕಿಯೊಬ್ಬಳ ಮೇಲೆ.

ನನ್ನ ತಮ್ಮನ ಮಗ ಲೆಕ್ಕವನ್ನು ಸರಿಪಡಿಸಿದ. ಪ್ರತಿಯೊಂದು ಹಾಳೆಯ ತಲೆಯ ಮೇಲೂ ‘ಸಾಲು: ಬಾವಿಯಿಂದ ಪಶ್ಚಿಮಕ್ಕೆ’ ಎಂದು ಬರೆದ. ಆಮೇಲೆ ಸರಿಯಾಯಿತೋ ಇಲ್ಲವೋ ನೋಡಲೆಂದು ಆರನೆಯ ಸಾಲಿನ ಆರನೆಯ ಮರದ ಲೆಕ್ಕವನ್ನು ತೆಗೆದ.

“ಅದು ಬೇಡಪ್ಪ,” ಎಂದೆ ನಾನು, “ಮೂರನೆಯ ಸಾಲಿನ ಏಳನೆಯದನ್ನು ತೆಗೆದು ನೋಡು.”